ಎರಡು ಗಿಡ್ಡ, ಒಂದು ಉದ್ದ

ಗಂಡನ ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಅವಳು ತನ್ನೊಬ್ಬಳ ಲೋಟ ತೊಳೆಯುತ್ತಿದ್ದಾಗ ಮನೆಯಲ್ಲಿ ಸಿಳ್ಳೆ ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ. ಗಂಡ ಮೆಟ್ಟಿಲು ಹತ್ತುವಾಗ ಹಾಕುತ್ತಿದ್ದ ಸಿಳ್ಳೆ. ಎಲ್ಲಿದ್ದರೂ ಅವಳು "ಹೂಂ" ಅನ್ನಬೇಕಿತ್ತು.

"ಹೂಂ" ಅಂದಳು. ಆಮೇಲೆ ಲೋಟ ಕೈಜಾರಿತು.

ಕಿಟಕಿಯ ಪಂಜರದಲ್ಲಿ ಹೆಬ್ಬೆರಳಿನ ಗಾತ್ರದ ಹಕ್ಕಿ "ಟಟ್" ಅಂದಿತು. ಮಂಕಾಗಿದೆ, ನಾಲ್ಕು ದಿನ ಮನೆಯಲ್ಲಿರಲಿ ಎಂದು ಗಂಡ ತಾನು ಕೆಲಸ ಮಾಡುತ್ತಿದ್ದ ಹಕ್ಕಿಗಳ ಪ್ರಯೋಗಾಲಯದಿಂದ ಕೇಳಿ ತಂದಿದ್ದ ಹಕ್ಕಿ. ಕಳ್ಳ, ಅವನ ಸಿಳ್ಳೆ ಕಲಿತುಬಿಟ್ಟಿದೆ! ಐದು ದಿನಗಳಲ್ಲಿ ಮೊದಲ ಸಲ ಅವಳಿಗೆ ಹಸಿವಾಯಿತು.

ಏಳನೆಯ ಸಿಳ್ಳೆಗೆ ಕೆಳಮನೆಯ ಚಿಕ್ಕಮ್ಮ ಕುಕ್ಕರಿನಂತೆ ಉಸಿರುಬಿಡುತ್ತ ಮೇಲೆ ಬಂದರು. ಹಿಂದೆಯೇ ಎದುರುಮನೆಯ ನಿವೃತ್ತ ಮೇಷ್ಟ್ರು.

"ಏನಮ್ಮಾ ಇದು, ಸಾವಿನ ಮನೇಲಿ ಸಿಳ್ಳೆ?"

"ಹಕ್ಕಿ, ಚಿಕ್ಕಮ್ಮ."

"ಅವನೇ ಬಂದ ಅಂದ್ಕೊಂಡು ಬಾಗಿಲು ತೆಗ್ದೆ ಕಣೇ. ಅತ್ಲಾಗೆ ಹಾಲು ಉಕ್ಕಿಹೋಯ್ತು." ಚಿಕ್ಕಮ್ಮ ಕಣ್ಣೊರೆಸಿಕೊಂಡರು.

"ಶಿಸ್ತಿಲ್ಲದ ಹಕ್ಕಿ," ಎಂದು ಮೇಷ್ಟ್ರು ತೀರ್ಪು ಕೊಟ್ಟರು.

ಕುರ್ಚಿಯ ಮೇಲಿನ ಬಟ್ಟೆ ತೆಗೆಯಲು ಅವಳು ಬಗ್ಗಿದಳು. ಮತ್ತೆ ಸಿಳ್ಳೆ! ಇಬ್ಬರೂ ಗಿರ್ರನೆ ಪಂಜರದತ್ತ ತಿರುಗಿದರು. "ಟಟ್" ಅಂದಿತು ಹಕ್ಕಿ, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನಂತೆ.

"ಇವತ್ತೇ ವಾಪಸ್ ಕೊಟ್ಟು ಬಾ. ಇದನ್ನ ಕೇಳ್ತಾ ಕೂತ್ರೆ ನೀನು ಉಳೀತೀಯಾ?" ಎಂದರು ಚಿಕ್ಕಮ್ಮ.

ಅವಳು ಪಂಜರ ಎತ್ತಿಕೊಂಡು ಹೊರಟಳು. ಕೊಡುವುದಕ್ಕಲ್ಲ, ಬೇಡಿಕೊಳ್ಳುವುದಕ್ಕೆ. ದಾರಿಯಲ್ಲಿ ಸಿಳ್ಳೆ ಕೇಳಿ ಡ್ರೈವರ್ ನಡುರಸ್ತೆಯಲ್ಲೇ ಬಸ್ಸು ನಿಲ್ಲಿಸಿದ. "ನಾನಲ್ಲ ಮಾರಾಯ, ಹಕ್ಕಿ!" ಎಂದು ಕಂಡಕ್ಟರ್ ಆಣೆ ಹಾಕಬೇಕಾಯಿತು.

ಪ್ರಯೋಗಾಲಯದ ಮೇಲ್ವಿಚಾರಕರು ಹಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ತೂಕಕ್ಕೆಂದು ಒಳಕೋಣೆಗೆ ಒಯ್ದು ಬಿಟ್ಟುಬಂದರು.

"ಸಾರ್, ಅದನ್ನ ನಂಗೇ ಕೊಡ್ತೀರಾ? ಅವರ ಸಿಳ್ಳೆ ಅದರ ಹತ್ರ ಮಾತ್ರ ಇದೆ."

"ಸಿಳ್ಳೆನಾ? ಅದು ಹೆಣ್ಣಮ್ಮಾ. ಈ ಜಾತೀಲಿ ಹೆಣ್ಣು ಹಾಡೋದಿಲ್ಲ. ಜೊತೆಗಾರ ಸತ್ತ ಮೇಲೆ ಕಾಳು ಮುಟ್ತಿರ್ಲಿಲ್ಲ. ನಿಮ್ಮೆಜಮಾನ್ರು ಸಿಳ್ಳೆ ಹಾಕಿದ್ರೆ ಮಾತ್ರ 'ಟಟ್' ಅಂತಿತ್ತು. ಅವರು ಹೇಳ್ಲಿಲ್ವಾ?"

"ನಾನು ಕೇಳ್ಲಿಲ್ಲ."

"ಈಗ ಅದಕ್ಕೊಂದು ಗಂಡು ನೋಡಿಟ್ಟಿದ್ದೀವಿ," ಎಂದವರು ಎದುರಿಗಿರುವವಳು ಯಾರೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಹಕ್ಕಿ ವಾಪಸಾತಿಯ ರಿಜಿಸ್ಟರನ್ನು ಮುಂದೆ ತಳ್ಳಿದರು.

ಅವಳು ಸಹಿ ಹಾಕಲು ಬಗ್ಗಿದಳು. ಎರಡು ಗಿಡ್ಡ, ಒಂದು ಉದ್ದ.

"ಕೇಳಿದ್ರಾ!" ಎಂದು ಗೆದ್ದವಳಂತೆ ಪಂಜರದತ್ತ ಕೈ ತೋರಿಸಿದಳು.

ಪಂಜರ ಖಾಲಿಯಿತ್ತು. ಮೇಲ್ವಿಚಾರಕರು ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಬೆರಳಿನಿಂದ ತುಟಿ ಮುಟ್ಟಿಕೊಂಡಳು. ತುಟಿ ಇನ್ನೂ ಗುಂಡಗೇ ಇತ್ತು.

ಒಳಕೋಣೆಯಿಂದ "ಟಟ್" ಕೇಳಿಸಿತು.

"ಹೂಂ" ಅಂದಳು. ಪಂಜರದ ಬಾಗಿಲು ಹಾಕಿ, ಅದನ್ನೂ ಅವರ ಕೈಗೆ ಕೊಟ್ಟಳು.