ಕ್ಲಟರ್‌ಬಕ್ ಅವರದು ಯಾವ ಊರು?

ನಮ್ಮ ಸೋದರಮಾವ ಮಗಳನ್ನು ಕೊಡುವ ಮೊದಲು ಗಂಡಿನ ಸಂಬಳ ಕೇಳಲಿಲ್ಲ, ಮನೆ ಇದೆಯೇ ಎಂದು ಕೇಳಲಿಲ್ಲ. ಅಡ್ಡಹೆಸರಿನ ಮೂಲ ಕೇಳಿದರು. ಕೇಳಿ, ಮೂರು ತಿಂಗಳು ಮದುವೆಯನ್ನೇ ನಿಲ್ಲಿಸಿದರು! ಇಂಥವರು ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬರಿದ್ದರೆ ತಿಳಿಸಿ, ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕೋಣ.

ಮಾವ ಧಾರವಾಡದವರು. ಅಲ್ಲಿ ಅಡ್ಡಹೆಸರೆಂದರೆ ಅರ್ಧ ಜಾತಕ. "ಉಳ್ಳಾಗಡ್ಡಿ ಮಾರಿದವ ಉಳ್ಳಾಗಡ್ಡಿ, ಅಂಗಡಿ ಇಟ್ಟವ ಅಂಗಡಿ. ಹೆಸರು ಸುಮ್ನ ಬರ್ತದೇನು?" ಎನ್ನುತ್ತಾರೆ. ಡೆಲ್ ಮಾರ್ ಬೀಚಿನಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ಮುದುಕನನ್ನೂ ತಡೆದು ಅಡ್ಡಹೆಸರು ವಿಚಾರಿಸಿದ್ದರು. ಪಾಪ, ಆತ ಇವರನ್ನು ಯಾರೋ ಅಧಿಕಾರಿ ಎಂದುಕೊಂಡು ನಾಯಿಯ ಲೈಸೆನ್ಸ್ ತೋರಿಸಿದ!

ಈಗ ಮಗಳು ಮೆಚ್ಚಿದ ಹುಡುಗನ ಅಡ್ಡಹೆಸರು ಕ್ಲಟರ್‌ಬಕ್. ಲಗ್ನಪತ್ರಿಕೆಯಲ್ಲಿ ವರನ ಮೂಲ ಊರು ಇರಲೇಬೇಕು. ಊರು ಸಿಗುವ ತನಕ ಪ್ರಿಂಟಿಲ್ಲ, ಪ್ರಿಂಟಿಲ್ಲದೆ ಮದುವೆಯಿಲ್ಲ. ಪತ್ರಿಕೆ ಟೈಪ್ ಮಾಡಲು ನಾನು ಪ್ರತಿ ಶನಿವಾರ ರೆಡೊಂಡೊ ಬೀಚಿನ ನನ್ನ ಮನೆಯಿಂದ ರಾಂಚೊ ಬರ್ನಾರ್ಡೊದ ಮಾವನ ಮನೆಗೆ ಎರಡು ಗಂಟೆ ಡ್ರೈವ್ ಮಾಡಬೇಕು! ಮಾವ ಹಳೆಯ ಇಂಗ್ಲಿಷ್ ದಾಖಲೆಗಳನ್ನು ರಾಶಿ ರಾಶಿ ಡೌನ್‌ಲೋಡ್ ಮಾಡಿದರು. ಒಂದರಲ್ಲಿ ಕ್ಲಾಟರ್‌ಬುಕ್, ಇನ್ನೊಂದರಲ್ಲಿ ಕ್ಲೊಟರ್‌ಬೂಕ್, ಮತ್ತೊಂದರಲ್ಲಿ ಬಾಯಿಗೇ ಬಾರದ್ದು. ಅರ್ಥವೇನೆಂದು ಯಾರಿಗೂ ಗೊತ್ತಿಲ್ಲ. ಹಾಲೆಂಡಿನ ಕಡೆಯಿಂದ ಬಂದ ನೇಕಾರರಿರಬಹುದೆಂದು ಒಬ್ಬರ ಊಹೆ. ಮಾವನಿಗೆ ಅಷ್ಟೇ ಸಾಕಾಯಿತು!

"ಹಂಗಾರ ನಮ್ಮ ಇಳಕಲ್ ಮಂದಿ ಇದ್ದಂಗ!" ಎಂದು ಹುಡುಗನನ್ನು ಊಟಕ್ಕೆ ಕರೆದರು. ಊಟಕ್ಕೆ ಮೊದಲು ಅತ್ತೆಯ ಇಳಕಲ್ ಸೀರೆ ಹರಡಿ, ನೂಲು ಗುರುತಿಸು ಎಂದರು. ಆತ ಟೆಲಿಕಾಂ ಎಂಜಿನಿಯರ್!

"ಅಪ್ಪಾ, ಸ್ಟಾಪ್ ಇಟ್!" ಎಂದು ಮಗಳು ಚೀರಿದಳು.

ಹುಡುಗ ಸೀರೆಯನ್ನು ಮೆಲ್ಲಗೆ ಮಡಿಸಿಟ್ಟ. "ಅಂಕಲ್, ಐ ಆಮ್ ಸಾರಿ. ಐ ವಾಸ್ ಅಡಾಪ್ಟೆಡ್" ಎಂದ. ಆ ಹೆಸರು ದತ್ತು ತೆಗೆದುಕೊಂಡವರದು, ಅವರೂ ಈಗಿಲ್ಲ. ಹೆತ್ತವರು ಯಾರು, ಯಾವ ಊರು, ಅವನಿಗೇ ತಿಳಿಯದು. ಹೇಳಿದರೆ ಮದುವೆ ಮುರಿದೀತೆಂದು ಹುಡುಗ ಹುಡುಗಿ ಇಬ್ಬರೂ ಹೆದರಿ ಬಾಯಿ ಮುಚ್ಚಿಕೊಂಡಿದ್ದರಂತೆ.

ನನಗೆ ಮಾವನ ಮೇಲೆ ಸಿಟ್ಟು ಬಂತು. ಅವರು ಹುಡುಗನನ್ನು ಕೂರಿಸಿ, ತಟ್ಟೆಗೆ ಹೋಳಿಗೆ ಹಾಕಿ, ತುಪ್ಪ ಸುರಿದರು. ಅವನು ಎರಡು ತುತ್ತು ತಿಂದ ಮೇಲೆ ನನ್ನ ಕಡೆ ತಿರುಗಿದರು.

"ಲ್ಯಾಪ್‌ಟಾಪ್ ತಗಿಯವಾ. ವರನ ಊರು ಅಂತ ಖಾಲಿ ಬಿಟ್ಟೇವಲ್ಲ, ಅಲ್ಲಿ ನಮ್ಮನಿ ಅಡ್ರೆಸ್ ಹೊಡಿ."

"ವಾಟ್ ಡಿಡ್ ಹಿ ಸೇ?" ಎಂದು ಹುಡುಗ ಗಾಬರಿಯಿಂದ ಕೇಳಿದ. ಮಗಳು ಅಳುತ್ತಿದ್ದಳು, ನಾನೇ ಇಂಗ್ಲಿಷಿನಲ್ಲಿ ಹೇಳಿದೆ. ಎಂಜಲುಗೈಯಲ್ಲೇ ಎದ್ದು ಬಂದು ಮಾವನನ್ನು ತಬ್ಬಿಕೊಂಡವನು ಎಷ್ಟು ಹೊತ್ತಾದರೂ ಬಿಡಲಿಲ್ಲ.