ಮದ್ರಾಸಿಗೆ ಹೋಗಬೇಕಾದ ಚಿತ್ರ

ನಮ್ಮಣ್ಣ ದೊಡ್ಡ ಚಿತ್ರಕಾರ. ನಂಬಿಕೆ ಬಾರದಿದ್ದರೆ ಬಳ್ಳಾರಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಒಬ್ಬರೂ ಹೌದೆನ್ನುವುದಿಲ್ಲ! ಹುಚ್ಚ ಎನ್ನುವವರು ಸಿಕ್ಕಾರು, ಮೈಗಳ್ಳ ಎನ್ನುವವರು ಇನ್ನೂ ಹೆಚ್ಚು ಸಿಕ್ಕಾರು. ಮದ್ರಾಸಿನಲ್ಲಿ ನಾಲ್ಕು ವರ್ಷ ಚಿತ್ರ ಬರೆಯುವುದನ್ನು ಕಲಿತು, ಕಲಿತದ್ದಕ್ಕೆ ಸಾಕ್ಷಿಯಾಗಿ ಎರಡು ಚಿತ್ರ ಮುಗಿಸಿ ಕೊಡಪ್ಪಾ ಎಂದರೆ ಮುಗಿಸದೆ ಕೂತವನನ್ನು ಇನ್ನೇನೆನ್ನಬೇಕು? ನಾನು ಅವನ ಒಡಹುಟ್ಟಿದ ತಂಗಿ. ನಾನೂ ಅದನ್ನೇ ಅಂದವಳು, ಅದೂ ಅವನ ಎದುರಿಗೇ ಅಂದವಳು.

ಆಗಿನ್ನೂ ಇಂಗ್ಲೆಂಡಿನ ರಾಣಿಯ ಕಾಲ. ಬಳ್ಳಾರಿಗೆ ರೈಲು ಬಂದಿತ್ತು, ಆದರೆ ಅದರ ಕೂಗು ಕೇಳಿದರೆ ಎತ್ತುಗಳು ಇನ್ನೂ ಬೆದರುತ್ತಿದ್ದವು. ನಮ್ಮ ತಂದೆ ಕಚೇರಿಯಲ್ಲಿ ಗುಮಾಸ್ತರು. ಮಗ ವಕೀಲನಾಗಲಿ ಎಂದು ಅವನನ್ನು ರೈಲು ಹತ್ತಿಸಿ ಮದ್ರಾಸಿಗೆ ಕಳಿಸಿದರು. ಮಗ ರೈಲು ಇಳಿದವನೇ ನೆಟ್ಟಗೆ ಚಿತ್ರಕಲೆಯ ಶಾಲೆಗೆ ಹೋಗಿ ಸೇರಿಕೊಂಡ! ಎರಡು ವರ್ಷ ನಮಗೆ ಸುಳಿವೇ ಇಲ್ಲ. ಬರೆದ ಕಾಗದಗಳಲ್ಲೆಲ್ಲ ‘ಅಭ್ಯಾಸ ಚೆನ್ನಾಗಿ ಸಾಗಿದೆ’ ಎಂದಿರುತ್ತಿತ್ತು. ಅದೇನು ಸುಳ್ಳಲ್ಲವಲ್ಲ!

ಗುಟ್ಟು ರಟ್ಟಾದದ್ದು ಒಂದು ಬೇಸಿಗೆಯ ರಜೆಯಲ್ಲಿ. ಅವನ ಹಾಸಿಗೆಯ ಸುರುಳಿ ಬಿಚ್ಚಿದ ಅಮ್ಮ ಕಿಟಾರನೆ ಕಿರುಚಿದಳು. ಒಳಗೆ ಹತ್ತಾರು ಹಾಳೆ. ಒಂದೊಂದರ ಮೇಲೂ ಒಬ್ಬೊಬ್ಬ ಕಟ್ಟುಮಸ್ತಾದ ಗಂಡಸು. ಒಬ್ಬನ ಮೈಮೇಲೂ ಒಂದೆಳೆ ನೂಲಿಲ್ಲ! ಅವೆಲ್ಲ ದೊರೆಗಳ ಸೀಮೆಯ ಹಳೆಯ ವಿಗ್ರಹಗಳೆಂದೂ, ಅವುಗಳ ಸುಣ್ಣದ ಪಡಿಯಚ್ಚುಗಳನ್ನು ಶಾಲೆಯಲ್ಲಿ ನಿಲ್ಲಿಸಿದ್ದಾರೆಂದೂ, ನೋಡಿ ಬರೆಯುವುದೇ ಪಾಠವೆಂದೂ ಅಣ್ಣ ಪರಿಪರಿಯಾಗಿ ಹೇಳಿದ.

“ಮದ್ರಾಸಿನಾಗ ಇವರಿಗೊಂದು ಧೋತರ ಸಿಗಲಿಲ್ಲೇನೋ?” ಎಂದು ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು.

ತಂದೆಗೆ ಮಾತೇ ಹೊರಡಲಿಲ್ಲ. ಆದರೆ ನಮ್ಮ ಮನೆಯಲ್ಲಿ ಮಾತು ಹೊರಡದೆ ಇರುವ ಪ್ರಶ್ನೆಯೇ ಇರಲಿಲ್ಲ, ಭೀಮಕ್ಕತ್ತೆ ಇದ್ದರಲ್ಲ! ಅವರು ತಂದೆಯ ಅಕ್ಕ. ತಿಳಿವಳಿಕೆ ಬರುವ ಮೊದಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತಮ್ಮನ ಮನೆಗೆ ಬಂದವರು. ಮನೆಯ ಮಡಿ ಅಡಿಗೆಯೆಲ್ಲ ಅವರದೇ. ಒಲೆ ಆರಿದರೂ ಅವರ ನಾಲಿಗೆ ಆರುತ್ತಿರಲಿಲ್ಲ. ಅವರು ಆ ಹಾಳೆಗಳನ್ನು ಹಿತ್ತಿಲಿಗೆ ತರಿಸಿಕೊಂಡು, ಒಲೆಯ ಇದ್ದಿಲು ಹಿಡಿದು ಕೂತರು. ಸಂಜೆಯ ಹೊತ್ತಿಗೆ ಸೀಮೆಯ ಗಂಡಸರೆಲ್ಲ ಕಚ್ಚೆ ಹಾಕಿ ಧೋತರ ಉಟ್ಟಿದ್ದರು. ಒಬ್ಬಿಬ್ಬರಿಗೆ ಹಣೆಯ ಮೇಲೆ ಅಂಗಾರ ಅಕ್ಷತೆಯೂ ಆಗಿತ್ತು!

ಅಣ್ಣ ಅಳುತ್ತಾನೆ ಎಂದುಕೊಂಡೆ. ಅವನು ಹಾಳೆಯನ್ನು ಬೆಳಕಿಗೆ ಹಿಡಿದು, “ಅತ್ತಿ, ನಿರಿಗಿ ಭಾಳ ಛಲೋ ಬಂದಾವ!” ಎಂದ. ಅಷ್ಟೇ ಅಲ್ಲ, ಅವನ್ನು ಹಾಗೆಯೇ ಮದ್ರಾಸಿಗೆ ಒಯ್ದು ಮಾಸ್ತರ ದೊರೆಗೆ ತೋರಿಸಿದನಂತೆ. ದೊರೆ ಬಹಳ ಹೊತ್ತು ನೋಡಿ, ಮನುಷ್ಯನಿಗಿಂತ ಧೋತರವೇ ಚೆನ್ನಾಗಿದೆ ಎಂದನಂತೆ.

ಹೀಗೇ ಕೊನೆಯ ವರ್ಷ ಬಂತು. ಆ ಶಾಲೆಯ ಪದ್ಧತಿಯೇ ಬೇರೆ. ಕೊನೆಯ ಪರೀಕ್ಷೆಗೆ ಪ್ರಶ್ನೆ ಇಲ್ಲ, ಉತ್ತರ ಇಲ್ಲ. ವಿದ್ಯಾರ್ಥಿ ತನ್ನ ಊರ ಕಡೆಗೆ ಹೋಗಿ ಎಣ್ಣೆಬಣ್ಣದಲ್ಲಿ ಎರಡು ಚಿತ್ರ ಬರೆದು ಕಳಿಸಬೇಕು. ಒಂದು ನೆಲದ ನೋಟ, ಇನ್ನೊಂದು ಮನುಷ್ಯರ ಮುಖ. ಎರಡನ್ನೂ ಎದುರಿಗೆ ನೋಡಿಯೇ ಬರೆದಿರಬೇಕು. ಯುಗಾದಿಯ ಸುಮಾರಿಗೆ ಗಡುವು. ಒಪ್ಪಿಗೆಯಾದರೆ ಸರ್ಟಿಫಿಕೇಟು, ಎಲ್ಲಾದರೂ ಡ್ರಾಯಿಂಗ್ ಮಾಸ್ತರಿಕೆ. ಇಲ್ಲದಿದ್ದರೆ?

“ನನ್ನ ಕಚೇರ್ಯಾಗ ಒಂದು ಜಾಗಾ ಖಾಲಿ ಅದ. ಯುಗಾದಿ ತನಕ ನಿನ್ನ ಆಟ ನೋಡ್ತೀನಿ. ಆಮ್ಯಾಲ ಸುಮ್ಮನ ಬಂದು ಕೂಡಬೇಕು,” ಎಂದರು ತಂದೆ.

ಅಣ್ಣ ಹೂಂ ಎಂದ. ಆ ಕಚೇರಿಯ ಹೆಸರು ಕೇಳಿದರೆ ಅವನ ಮುಖ ಹೇಗಾಗುತ್ತಿತ್ತು ಎಂಬುದು ನನಗೆ ಗೊತ್ತು. ಚಿತ್ರ ಬರೆಯುವುದು ಬಿಟ್ಟರೆ ಅವನಿಗೆ ಜಗತ್ತಿನಲ್ಲಿ ಇನ್ನೇನೂ ಬೇಕಿರಲಿಲ್ಲ.

ಮೊದಲು ನೆಲದ ನೋಟ. ಅದಕ್ಕಾಗಿ ಸಿರುಗುಪ್ಪಕ್ಕೆ ಬಂಡಿ ಕಟ್ಟಿಸಿಕೊಂಡು ಹೋದ. ಅಲ್ಲಿ ಹಳೆಯ ಕಾಲುವೆಯ ಕೆಳಗೆ ಭತ್ತದ ಗದ್ದೆ, ನೋಡಿದವರ ಕಣ್ಣು ತಂಪಾಗಬೇಕು. ಅಣ್ಣ ಬದುವಿನ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಕುಂಚವನ್ನು ನೆಟ್ಟಗೆ ಹಿಡಿದು ಕೈ ಮುಂದೆ ಚಾಚಿದ. ಹೆಬ್ಬೆರಳನ್ನು ಕುಂಚದ ಮೇಲೆ ಮೇಲಕ್ಕೆ ಕೆಳಕ್ಕೆ ಸರಿಸಿದ. ದೂರದ ಮರ ಎಷ್ಟೆತ್ತರ, ಗುಡ್ಡ ಎಷ್ಟೆತ್ತರ ಎಂದು ಚಿತ್ರಕಾರರು ಅಳೆಯುವ ರೀತಿ ಅದು. ರೈತರಿಗೆ ಅಷ್ಟೇ ಸಾಕಾಯಿತು. ಹೊಲ ಅಳೆದು ಕಂದಾಯ ಏರಿಸುವ ಸಾಹೇಬ ಬಂದ ಎಂದು ಊರೆಲ್ಲ ಗುಲ್ಲು! ಗಳಿಗೆಯೊಳಗೆ ತಂಬಿಗೆ ಹಾಲು ಬಂತು, ಬಾಳೆಗೊನೆ ಬಂತು, ಕೈಮುಗಿದ ರೈತರು ಬಂದರು.

“ಬುದ್ಧೀ, ನನ್ನ ಭತ್ತ ಸ್ವಲ್ಪ ಗಿಡ್ಡಗ ಬರೀರಿ. ಇಷ್ಟು ಹಸರು ತೋರಿಸಿದ್ರ ನಾವು ಉಳಿಯಂಗಿಲ್ರಿ.”

“ನನ್ನ ಹೊಲದಾಗ ನಾಕು ಬಂಡಿಗಲ್ಲು ಹಾಕ್ರಿ ಬುದ್ಧಿ. ಪುಣ್ಯ ಬರತೈತಿ.”

ನಾನು ಅಳತೆಯ ಸಾಹೇಬನಲ್ಲ ಎಂದು ಅಣ್ಣ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಇವನಾದರೂ ಗಟ್ಟಿ ಮನಸ್ಸಿನವನೇ? ಯಾರಾದರೂ ಎರಡು ಸಲ ಕೈಮುಗಿದರೆ ಕರಗಿಹೋಗುವವನು. ಎಂಟು ದಿನ ಬಿಟ್ಟು ಚಿತ್ರ ತಂದ. ನಾವು ನೋಡಿದರೆ ಕಲ್ಲು, ಜಾಲಿಮುಳ್ಳು, ನಡುವೆ ಬಡಕಲು ಎತ್ತು.

“ಇದು ಸಿರುಗುಪ್ಪೇನೋ?” ಎಂದರು ತಂದೆ.

“ಹೌದಪ್ಪಾ.”

“ಕಾಲಿವಿ ಎಲ್ಲದ?”

“ರೈತರು ಬ್ಯಾಡಂದ್ರು.”

ಏನಾದರಾಗಲಿ, ಒಂದು ಚಿತ್ರ ಮುಗಿದಂತಾಯಿತು. ಇನ್ನು ಮನುಷ್ಯರ ಮುಖ. ಮುಖವಿಲ್ಲದ ಮನುಷ್ಯರು ಬಳ್ಳಾರಿಯಲ್ಲಿ ಯಾರೂ ಇರಲಿಲ್ಲ, ಆದರೆ ಅದನ್ನು ತಂದು ಅಣ್ಣನ ಮುಂದೆ ಇಡುವವರೂ ಇರಲಿಲ್ಲ! ಬದುಕಿರುವವರ ಚಿತ್ರ ಬರೆದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅದರಲ್ಲೂ ಕಣ್ಣು ಬರೆದ ಗಳಿಗೆಗೆ ಜೀವ ಚಿತ್ರದೊಳಕ್ಕೆ ಇಳಿದುಬಿಡುತ್ತದಂತೆ. ಅಣ್ಣ ಇದನ್ನು ಕೇಳಿ ಬಿದ್ದು ಬಿದ್ದು ನಗುತ್ತಿದ್ದ. ನಗಲಿ, ಚಿತ್ರಕ್ಕೆ ಎದುರು ಕೂಡುವವರು ಬೇಡವೇ? ತಂದೆಯನ್ನು ಕೇಳಿದರೆ, “ನನಗಿನ್ನೂ ಎರಡು ಹೆಣ್ಣಮಕ್ಕಳ ಲಗ್ನ ಮಾಡೋದದ,” ಎಂದು ಎದ್ದು ಹೋದರು. ನಾನು ಎರಡು ಓಣಿಯಾಚೆಯ ಗಂಡನ ಮನೆಯಿಂದ ದಿನವೂ ನೆಪ ಹೂಡಿ ತವರಿಗೆ ಬರುತ್ತಿದ್ದವಳು, ಆಗ ಬಸುರಿ ಬೇರೆ. ಅಣ್ಣನ ಕಣ್ಣು ನನ್ನ ಕಡೆ ತಿರುಗಿದ ದಿನದಿಂದ ಒಂದು ವಾರ ಆ ಕಡೆ ಸುಳಿಯಲಿಲ್ಲ!

ಕೊನೆಗೆ ಕುರುಗೋಡಿನ ಗೌಡರೊಬ್ಬರು ಒಪ್ಪಿದರು. ಕಚೇರಿಯ ಕೆಲಸಕ್ಕೆ ಬಂದಾಗ ತಂದೆಗೆ ಪರಿಚಯವಾದವರು. ನಿಂಬೆಹಣ್ಣು ನಿಲ್ಲಿಸಬಹುದಾದ ಮೀಸೆ. “ಚಿರತಿ ಮುಂದ ನಿಂತಾವ ನಾನು. ಕುಂಚಕ್ಕ ಹೆದರ್ತೀನೇನು?” ಎಂದು ಮೀಸೆ ತಿರುವಿದ್ದರು.

ಅಣ್ಣ ಕುರುಗೋಡಿಗೆ ಹೋಗಿ ನೋಡಿದರೆ ಗೌಡರ ಮನೆಯ ಮುಂದೆ ನೆಂಟರಿಷ್ಟರೆಲ್ಲ ನೆರೆದಿದ್ದಾರೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಗೌಡರು ಮೂವರು ಮಕ್ಕಳನ್ನು ಕರೆದು, ಒಗ್ಗಟ್ಟಿನಿಂದಿರಿ ಎಂದು ಬುದ್ಧಿ ಹೇಳಿ, ವಿಭೂತಿ ಬಳಿದುಕೊಂಡು ಬಂದು ಕೂತರು. ಅಣ್ಣ ಎಲ್ಲಕ್ಕಿಂತ ಮೊದಲು ಮೀಸೆಗೇ ಕೈ ಹಾಕಿದ. ಕುಂಚ ಒಮ್ಮೆ ಆಡಿದರೆ ಗೌಡರದು ಒಂದು ಪ್ರಶ್ನೆ.

“ಈಗ ಎಷ್ಟು ಹೋತ್ರಿ?”

“ಏನು ಎಷ್ಟು ಹೋತು?”

“ಆಯುಷ್ಯ!”

ಮೀಸೆ ಮುಗಿಯುವ ಹೊತ್ತಿಗೆ ಗೌಡರಿಗೆ ಮೂರು ಸೀನು ಬಂದವು. ಮೂರನೆಯದಕ್ಕೆ ಹೆಂಡತಿ ಹೋ ಎಂದು ಅತ್ತರು. ನಾಲ್ಕನೆಯದು ಬರುವ ಮೊದಲೇ ಗೌಡರು ಎದ್ದು ಒಳಗೆ ಹೋಗಿ ಅಗಳಿ ಹಾಕಿಕೊಂಡರು. ಚಿರತೆಯ ಮುಂದೆ ನಿಂತವರು!

ಅಣ್ಣ ಬಳ್ಳಾರಿಗೆ ಮರಳಿ ಚಿತ್ರ ಬರೆಯುವ ಬಟ್ಟೆಯ ಸುರುಳಿ ಬಿಚ್ಚಿ ತೋರಿಸಿದ. ಅಷ್ಟಗಲ ಖಾಲಿ ಬಟ್ಟೆಯ ನಡುವೆ ಒಂದು ಮೀಸೆ. ಅದೊಂದೇ! “ಮಾರಿ ಎಲ್ಲಿ ಬಿಟ್ಟು ಬಂದ್ಯೋ?” ಎಂದು ಭೀಮಕ್ಕತ್ತೆ ಕೇಳಿದರು. ಅಣ್ಣ ಗೌಡರು ಸೀನಿದ್ದನ್ನೂ ಅಗಳಿ ಹಾಕಿದ್ದನ್ನೂ ಆಡಿ ತೋರಿಸಿದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ನೆನಪಾಯಿತು, ಯುಗಾದಿಗೆ ಇನ್ನು ಆರೇ ವಾರ.

“ನನ್ನ ಬರಿಯೋ,” ಎಂದರು ಭೀಮಕ್ಕತ್ತೆ. “ಆಯುಷ್ಯ ಹೋದ್ರ ಹೋಗವಲ್ದ್ಯಾಕ. ಇದ್ದು ನನಗೇನು ತೊಟ್ಟಲಾ ತೂಗೋದದನ?”

ಅದಕ್ಕೂ ನಕ್ಕೆವು. ಅವರು ಏನು ಹೇಳಿದರೂ ನಗುವುದು ನಮಗೆ ರೂಢಿಯಾಗಿತ್ತು.

ತಂದೆ ಮಾತ್ರ ನಗಲಿಲ್ಲ. “ಅಕ್ಕಾ, ನೀ ನಮ್ಮ ಮನಿ ಆರತಿಗೂ ಮುಂದ ಬರಂಗಿಲ್ಲ. ನಿನ್ನ ಚಿತ್ರ ಮದ್ರಾಸಿಗೆ ಹೋಗೋದೇನು?”

“ನಾ ಎಲ್ಲಿ ಹೋಗ್ತೀನೋ? ರೈಲು ಹತ್ತೋದು ಬಟ್ಟಿ,” ಎಂದುಬಿಟ್ಟರು.

ಹಿತ್ತಿಲಲ್ಲಿ ತುಳಸಿಕಟ್ಟೆಯ ಹತ್ತಿರ ಕೂಡುವುದೆಂದಾಯಿತು. ಅವರು ಮಡಿಯಲ್ಲಿರುತ್ತಿದ್ದರು. ಅಣ್ಣನ ಬಣ್ಣ, ಕುಂಚ ಯಾವುದೂ ಮಡಿಯಲ್ಲ. ನಡುವೆ ರಂಗೋಲಿಯಿಂದ ಒಂದು ಗೆರೆ ಎಳೆದುಕೊಂಡರು. ಗೆರೆಯ ಆ ಕಡೆಯಿಂದ ಒಂದೇ ಸಮನೆ ಅಪ್ಪಣೆ!

“ಹಲ್ಲು ಬರೀಬ್ಯಾಡ. ಇರೋವು ಎರಡು, ಅವೂ ಒಂದರ ಮಾರಿ ಒಂದು ನೋಡಂಗಿಲ್ಲ.”

“ಮೂಗು ಸಣ್ಣದು ಮಾಡೋ. ಅದು ನಿಮ್ಮಜ್ಜಂದು, ನನ್ನದಲ್ಲ.”

ಅವರು ದಾಟಿ ಬಂದು ನೋಡುವಂತಿಲ್ಲವಾದ್ದರಿಂದ, ಹೇಗಿದೆ ಹೇಳೇ ಎಂದು ನನ್ನನ್ನು ಕೇಳುವರು. ಒಂದು ದಿನ ಹೋಗಿ ನೋಡಿದೆ. ಕೆನ್ನೆಯ ಸುಕ್ಕು, ಗಟ್ಟಿಯಾಗಿ ಮುಚ್ಚಿದ ತುಟಿ, ಕೆಂಪು ಸೆರಗಿನ ಅಂಚಿನಲ್ಲಿ ಕಾಣುವ ಬೋಳು ನೆತ್ತಿ. ಹುಟ್ಟಿದಾಗಿನಿಂದ ಆಕೆ ಬಡಿಸಿದ್ದನ್ನು ಉಂಡಿದ್ದೆ, ಆಕೆಯ ಮುಖವನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ನನಗೆ ನಾಚಿಕೆಯಾಯಿತು. ಚಿತ್ರದಲ್ಲಿ ಕಣ್ಣುಗಳ ಜಾಗ ಮಾತ್ರ ಖಾಲಿಯಿತ್ತು.

ಅಲ್ಲಿಗೆ ಶುರುವಾಯಿತು ನೋಡಿ ಅಣ್ಣನ ಹೊಸ ಆಟ! ಕಣ್ಣು ಯಾವಾಗ ಎಂದರೆ, ಕರಿಬಣ್ಣ ಸರಿಯಿಲ್ಲ ಎಂದ. ಕೌಲ್‌ಬಜಾರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಹುಸೇನಸಾಬರು ಅವನ ಗೆಳೆಯರು. ಅವರು ಮೂರು ತರದ ಕಪ್ಪು ತಂದು ಕೊಟ್ಟರು. ಮೂರನ್ನೂ ಬೇಡವೆಂದ. “ಇದಕ್ಕಿಂತ ಕರೀದು ಬೇಕಂದ್ರ ಕಾಗೀನ ಹಿಡದು ಅರೀಬೇಕ್ರಿ ಸ್ವಾಮ್ಯಾರ!” ಎಂದು ಅವರು ಕೈಚೆಲ್ಲಿದರು. ಆಮೇಲೆ ಕುಂಚದ ಕೂದಲು ಒರಟು ಎಂದು ಅಳಿಲಿನ ಬಾಲದ ಹಿಂದೆ ಬಿದ್ದ. ಆಮೇಲೆ ಬಿಸಿಲು ಹೆಚ್ಚಾಯಿತು, ಆಮೇಲೆ ಮೋಡ. ಮೈಗಳ್ಳ ಎಂದು ನಾನು ಮುಖದ ಮೇಲೆ ಅಂದದ್ದು ಆಗಲೇ.

ಗಡುವಿಗೆ ನಾಲ್ಕು ದಿನವಿದ್ದಾಗ ಅಂತೂ ಸಣ್ಣ ಕುಂಚ ಹಿಡಿದು ಚಿತ್ರದ ಮುಂದೆ ನಿಂತ. ಬಣ್ಣ ಅದ್ದಿದ. ಕೈ ಎತ್ತಿದ. ಅದೇ ಹೊತ್ತಿಗೆ ಗೆರೆಯ ಆ ಕಡೆ ಭೀಮಕ್ಕತ್ತೆ ಎರಡು ಸಲ ಕೆಮ್ಮಿದರು.

ಅಣ್ಣನ ಮುಖ ಸುಣ್ಣದ ಗೋಡೆಯಂತಾಯಿತು. ಕುಂಚ ಬಿಸಾಕಿ ಮದ್ದು ಕೊಡುವ ಪಂಡಿತರ ಮನೆಗೆ ಓಡಿದ. ಗೌಡರ ಸೀನನ್ನು ಮನೆ ಮನೆಯಲ್ಲಿ ಆಡಿ ತೋರಿಸಿದವನು ಇವನೇ! ಎರಡು ದಿನ ಕಷಾಯ ಕುಡಿಸಿದ. ಬೇವು ಹೂಬಿಡುವ ಕಾಲದ ಕೆಮ್ಮು, ತಾನೇ ಹೋಯಿತು. ಆದರೆ ಕುಂಚವನ್ನು ಮತ್ತೆ ಮುಟ್ಟಲಿಲ್ಲ.

ಕೊನೆಯ ದಿನ ಬಡಗಿ ಮಾಡಿಕೊಟ್ಟ ಹಲಗೆಯ ಪೆಟ್ಟಿಗೆ ಪಡಸಾಲೆಯಲ್ಲಿ ಬಾಯಿ ತೆರೆದು ಕೂತಿತ್ತು. “ಎರಡು ಚುಕ್ಕಿ ಇಡೋ ಪುಣ್ಯಾತ್ಮಾ! ಎರಡ ಚುಕ್ಕಿ!” ಎಂದು ತಂದೆ ಅಂಗಲಾಚಿದರು. ಕಚೇರಿಗೆ ಬಾ ಎಂದು ಹಟ ಹಿಡಿದವರೇ ಬೇಡಿಕೊಂಡರು. ಅಣ್ಣ ತಲೆ ಅಲ್ಲಾಡಿಸಿದ. ಪೆಟ್ಟಿಗೆಯನ್ನು ಒಯ್ಯಬೇಕಿದ್ದ ಗುಂತಕಲ್ಲಿನ ಕಡೆಯ ರೈಲು ಕೂಗಿದ್ದು ಮನೆಗೆ ಕೇಳಿಸಿತು. ನಾಲ್ಕು ವರ್ಷದ ಓದು ಅಲ್ಲಿಗೆ ಮುಗಿಯಿತು. ಮರುವಾರದಿಂದ ಅವನು ರುಮಾಲು ಸುತ್ತಿಕೊಂಡು ತಂದೆಯ ಹಿಂದೆ ಕಚೇರಿಗೆ ಹೊರಟ.

ರೈಲು ಹೋದ ಆ ಮಧ್ಯಾಹ್ನ ಭೀಮಕ್ಕತ್ತೆ ಅವನನ್ನು ಅಡಿಗೆಮನೆಯ ಹೊಸ್ತಿಲಿಗೆ ಕರೆದರು. ನಾನು ಒಳಗೆ ಎಲೆ ಹಾಕುತ್ತಿದ್ದೆ.

“ಯಾಕೋ ಹಿಂಗ ಮಾಡಿದಿ? ನಾನ ಒಪ್ಪಿ ಕೂತಿದ್ನಲ್ಲೋ.”

“ನೀ ಒಪ್ಪಿದ್ದಿ ಅತ್ತಿ. ನಾ ಒಪ್ಪಿದ್ದಿಲ್ಲ.”

“ಆಯುಷ್ಯ ಹೋಗೋದೆಲ್ಲಾ ಸುಳ್ಳು ಅಂತಿದ್ದ್ಯಲ್ಲೋ?”

“ಸುಳ್ಳ ಅದು. ಆದ್ರ ಒಂದು ವ್ಯಾಳ್ಯಾ ಖರೇ ಇದ್ರ?” ಅಣ್ಣ ತಲೆ ತಗ್ಗಿಸಿಕೊಂಡೇ ಹೇಳಿದ. “ನೀ ಇರಬೇಕು.”

ಇರಬೇಕು ಎಂದು ಭೀಮಕ್ಕತ್ತೆಗೆ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ. ನಾವು ಯಾರೂ ಹೇಳಿರಲಿಲ್ಲ. ಅಣ್ಣ ಎದ್ದುಹೋದ ಮೇಲೆ ನಾವಿಬ್ಬರೇ ಉಣ್ಣಲು ಕೂತೆವು. ದಿನಕ್ಕೆ ಒಂದೇ ಹೊತ್ತು ಉಣ್ಣುವವರು ಅವರು, ಅದೂ ಒಂದು ಹಿಡಿ ಅನ್ನ. ಅದು ಮುಗಿಯಿತು. ಏಳುತ್ತಾರೆಂದುಕೊಂಡೆ. ಏಳಲಿಲ್ಲ. ಅನ್ನದ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಇನ್ನೊಂದು ಸಲ ಬಡಿಸಿಕೊಂಡರು. ನಾನು ಬೆರಗಾಗಿ ನೋಡಿದೆ.

“ಏನು ನೋಡ್ತೀಯೇ?” ಎಂದು ಗದರಿದರು. ಕಣ್ಣಲ್ಲಿ ನೀರು ತುಂಬಿತ್ತು. “ಇರಬೇಕಂದ್ರ ಉಣಬೇಕಲ್ಲ. ಸಾರು ಈ ಕಡೆ ಸರಿಸು.”