ಬಳಗದಲ್ಲಿ ಕೇಳಿದ ಒಂದು ಪ್ರಶ್ನೆ

ನೋವು ತಿನ್ನುತ್ತಿರುವವನ ಎದುರು ಭಾಷಣ ಮಾಡಬಾರದು ಎಂಬಷ್ಟು ಬುದ್ಧಿ ನನಗಿದೆ ಅಂದುಕೊಂಡಿದ್ದೆ. ಶಿರಸಿ ಪೇಟೆಯಲ್ಲಿ ಹಲ್ಲಿನ ದವಾಖಾನೆ ಇಟ್ಟುಕೊಂಡವನು ನಾನು. ಗಲ್ಲ ಊದಿಸಿಕೊಂಡು ಬಂದವನನ್ನು ಕುರ್ಚಿಗೆ ಒರಗಿಸಿ, 'ಹಲ್ಲು ಎಂದರೇನು ಎಂಬುದನ್ನು ಮೊದಲು ಓದಿಕೊಂಡು ಬಾ, ಆಮೇಲೆ ನೋವಿನ ವಿಚಾರ ಮಾತಾಡೋಣ' ಎಂದು ಒಮ್ಮೆಯೂ ಹೇಳಿದ್ದಿಲ್ಲ. ಹೇಳಿದ್ದರೆ ಆತ ಎದ್ದು ನನ್ನ ಹಲ್ಲನ್ನೇ ಉದುರಿಸುತ್ತಿದ್ದ, ಅದು ಬೇರೆ ಮಾತು. ಆದರೆ ಲೋಕದಲ್ಲಿ ಇದನ್ನೇ ಸೇವೆ ಎಂದು ತಿಳಿದು ಮಾಡುವವರಿದ್ದಾರೆ. ಅವರ ಪರಿಚಯ ನನಗಾದದ್ದು ಮನೆಗೆ ಕಂಪ್ಯೂಟರ್ ಬಂದ ಮೇಲೆ.

ಪರಿಚಯ ಮಾಡಿಸಿದವನು ಶ್ರೀಪಾದ. ಯಲ್ಲಾಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಪ್ರತಿ ಶನಿವಾರ ದವಡೆಹಲ್ಲಿನ ಚಿಕಿತ್ಸೆಗೆ ನನ್ನಲ್ಲಿಗೆ ಬರುತ್ತಿದ್ದ. ಬಾಯಿಯೊಳಗೆ ನನ್ನ ಕೈ ಇದ್ದಷ್ಟು ಹೊತ್ತು ಸುಮ್ಮನಿರುತ್ತಿದ್ದ. ಕೈ ತೆಗೆದ ಕೂಡಲೇ ಲಿನಕ್ಸ್. "ಡಾಕ್ಟ್ರೇ, ಇದು ಕಂಪ್ಯೂಟರ್ ನಡೆಸುವ, ಯಾವ ಕಂಪನಿಯ ಹಂಗೂ ಇಲ್ಲದ ಸಿಸ್ಟಂ. ಜನ ಕೂಡಿ ಕಟ್ಟಿದ್ದು. ಒಳಗೆ ಏನಿದೆ ಅಂತ ನೀವೇ ಬಿಚ್ಚಿ ನೋಡಬಹುದು" ಎನ್ನುತ್ತಿದ್ದ. ಬಿಚ್ಚಿ ನೋಡಿದರೂ ನನಗೆ ತಿಳಿಯುವುದು ಅಷ್ಟರಲ್ಲೇ ಇತ್ತು. ಆದರೂ ಆತನ ಕಣ್ಣಿನ ಹೊಳಪು ನೋಡಿ ನನಗೂ ಸ್ವಾತಂತ್ರ್ಯದ ಹುಚ್ಚು ಹತ್ತಿತು. ಆತ ಕೊಟ್ಟ ಸಿ.ಡಿ.ಯನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಂಡೆ.

ಆ ಹೊತ್ತಿಗೆ ನನ್ನ ಕಂಪ್ಯೂಟರಿನೊಳಗೆ ನಮ್ಮ ಆಯಿ ಇದ್ದಳು. ಅಂದರೆ ತೀರಿಹೋದ ನಮ್ಮ ತಾಯಿ ಜೀವಮಾನವಿಡೀ ಬರೆದಿಟ್ಟ ಮದುವೆ ಹಾಡುಗಳು. ಅರಿಶಿನ ಹಚ್ಚುವುದು, ಬೀಗರನ್ನು ಗೇಲಿ ಮಾಡುವುದು, ಆರತಿ ಎತ್ತುವುದು, ಹೆಣ್ಣು ಒಪ್ಪಿಸುವುದು, ಎಲ್ಲಾ ಸೇರಿ ಇನ್ನೂರಕ್ಕೂ ಮೇಲೆ. ಕಾನಸೂರಿನಲ್ಲಿರುವ ಅಕ್ಕ ಆಯಿಯ ಹಾಡಿನ ಪಟ್ಟಿಯನ್ನು, ಎಂದರೆ ಆ ದಪ್ಪ ನೋಟುಬುಕ್ಕನ್ನು, ನನಗೆ ತಂದುಕೊಟ್ಟಿದ್ದಳು. ಅಕ್ಕನ ಮಗಳ ಮದುವೆ ನಿಶ್ಚಯವಾಗಿತ್ತು. ಅಷ್ಟರೊಳಗೆ ಹಾಡುಗಳನ್ನು ಪುಸ್ತಕ ಮಾಡಿ ಮಗಳ ಕೈಗೆ ಕೊಡಬೇಕೆಂಬುದು ಅವಳ ಆಸೆ. ನಾನು ಐದು ತಿಂಗಳು ಕೂತು ಎರಡು ಬೆರಳಲ್ಲಿ ಟೈಪ್ ಮಾಡಿದೆ. ಅಕ್ಷರ ಮಾಸಿಹೋದಲ್ಲಿ ಅಕ್ಕ ಪಕ್ಕದಲ್ಲಿ ಕೂತು ಹಾಡಿ ತುಂಬಿಸಿದಳು. ಮುಗಿದ ದಿನ ಪಟ್ಟಿಯನ್ನು ವಾಪಸು ಒಯ್ದಳು.

ಮುಂದಿನ ವಾರ ಫೋನು ಮಾಡಿ ಹೇಳಿದಳು, "ತಮಾ, ಪಟ್ಟಿ ಹುಳ ಹಿಡಿದು ಪೂರಾ ಹಾಳಾಗಿತ್ತು. ನಿನ್ನ ಕಂಪ್ಯೂಟರಲ್ಲಿ ಇದ್ದಲ, ಇನ್ನೆಂತಕೆ ಹೇಳಿ ಅರಿಶಿನ ಕುಂಕುಮ ಹಾಕಿ ಹೊಳೆಗೆ ಬಿಟ್ಟಿಕ್ ಬಂದೆ. ಆಯಿ ಕೈಲಿ ಬರೆದಿದ್ದು, ರದ್ದಿಗೆ ಹಾಕಲೆ ಆಗ್ತ?"

ಆಗುವುದಿಲ್ಲ. ನಮ್ಮಲ್ಲಿ ದೇವರ ಪಟ, ಹಳೇ ಪೋಥಿ, ಎಲ್ಲದಕ್ಕೂ ಕೊನೆಗೆ ಹೊಳೆಯೇ ಗತಿ. ಸರಿಯಾಗೇ ಮಾಡಿದಳು ಎಂದುಕೊಂಡೆ. ಒಂದು ಫ್ಲಾಪಿಗೆ ಪ್ರತಿ ಹಾಕಿಡಬೇಕು ಎಂದೂ ಅಂದುಕೊಂಡೆ. ಅಂದುಕೊಳ್ಳುವುದರಲ್ಲಿ ನಾನು ಬಲು ಗಟ್ಟಿಗ.

ಭಾನುವಾರ ಸ್ನಾನ ಮಾಡಿ, ಸಿ.ಡಿ. ಹಾಕಿದೆ. ಅದು ಏನೇನೋ ಕೇಳುತ್ತಾ ಹೋಯಿತು, ನಾನು ಹೂಂ ಎನ್ನುತ್ತಾ ಹೋದೆ. ಒಂದು ಕಡೆ 'ಇಡೀ ಡಿಸ್ಕನ್ನು ಬಳಸಿಕೊಳ್ಳಲೇ?' ಎಂದು ಇಂಗ್ಲಿಷಿನಲ್ಲಿ ಕೇಳಿತು. ಮನೆಗೆ ಬಂದವರು 'ಇಲ್ಲಿ ಕೂರಲೇ?' ಎಂದು ಕೇಳಿದರೆ ಇಡೀ ಜಗಲಿ ತೋರಿಸಿ 'ಧಾರಾಳ' ಎನ್ನುವ ಸೀಮೆ ನಮ್ಮದು. ಧಾರಾಳವಾಗಿ ಬಳಸು ಮಾರಾಯ ಎಂದು ಹೂಂ ಒತ್ತಿದೆ. ಅರ್ಧ ತಾಸಿನಲ್ಲಿ ಪರದೆ ನೀಲಿಯಾಗಿ ಚಂದ ಕಂಡಿತು. ಹಾಡುಗಳು ಮಾತ್ರ ಕಾಣಲಿಲ್ಲ.

ಶ್ರೀಪಾದನಿಗೆ ಫೋನು ಮಾಡಿದೆ. ಓಡಿ ಬಂದವನು ಮೊದಲು ಇಂಟರ್ನೆಟ್ಟಿನ ಮೋಡೆಮ್ಮಿಗೆ ಜೀವ ಬರಿಸಿದ. "ಗಾಬರಿ ಯಾಕೆ ಡಾಕ್ಟ್ರೇ? ನಮ್ಮ ಬಳಗ ಇದೆ, ದೇಶದ ತುಂಬಾ ಕನ್ನಡಿಗರಿದ್ದಾರೆ. ಅಲ್ಲಿ ಬರೆದು ಹಾಕಿ, ಹತ್ತು ನಿಮಿಷಕ್ಕೆ ಉತ್ತರ" ಎಂದ. ಬಳಗವೆಂದರೆ ಇ-ಮೇಲಿನ ಚರ್ಚಾಕೂಟ. ಒಬ್ಬರು ಬರೆದರೆ ಎಲ್ಲರಿಗೂ ಹೋಗುತ್ತದೆ. ನಾನು ನಡೆದದ್ದನ್ನೆಲ್ಲ ಬರೆದು, ಅಳಿಸಿದ್ದು ವಾಪಸು ಬರುತ್ತದೆಯೇ, ದಯವಿಟ್ಟು ಸಹಾಯ ಮಾಡಿ ಎಂದು ಬೇಡಿಕೊಂಡೆ.

ಹತ್ತು ನಿಮಿಷವೂ ಬೇಕಾಗಲಿಲ್ಲ. ಮೊದಲ ಉತ್ತರ: ವಿಷಯದ ಸಾಲಿನಲ್ಲಿ 'ಸಹಾಯ' ಎಂದು ಬರೆಯುವುದು ಬಳಗದ ಶಿಸ್ತಿಗೆ ವಿರುದ್ಧ. ಎರಡನೆಯದು: ಹಳೆಯ ಚರ್ಚೆಗಳನ್ನು ಓದದೆ ಪ್ರಶ್ನೆ ಕೇಳುವುದು ಸೋಮಾರಿತನ. ಮೂರನೆಯವನು ನಾನು ಹಾಕಿಕೊಂಡ ಆವೃತ್ತಿಯೇ ಅಯೋಗ್ಯವೆಂದ. ಅದನ್ನೇ ಹಾಕಿಕೊಂಡಿದ್ದ ನಾಲ್ಕನೆಯವನು ಮೂರನೆಯವನ ಯೋಗ್ಯತೆ ವಿಚಾರಿಸಿದ. ಅಲ್ಲಿಂದ ಮುಂದೆ ನನ್ನನ್ನು ಯಾರೂ ಕೇಳುವವರಿಲ್ಲ. ಲಿನಕ್ಸ್ ಅನ್ನಬಾರದು, ಪೂರ್ತಿ ಹೆಸರು ಹೇಳಬೇಕು ಎಂದೊಬ್ಬ. ಪುಕ್ಕಟೆ ಬೇರೆ, ಸ್ವಾತಂತ್ರ್ಯ ಬೇರೆ ಎಂದು ಏಳು ಕಂತು ಬರೆದ ಇನ್ನೊಬ್ಬ. ಇಬ್ಬರು ಸಿಟ್ಟಿನಲ್ಲಿ ಬಳಗ ಬಿಟ್ಟರು. ಬಿಟ್ಟ ಮೇಲೂ ಬರೆದರು. ನಡುನಡುವೆ ನಾನು 'ಸ್ವಾಮೀ, ಹಾಡು...' ಎಂದು ಕೇಳಿದರೆ, 'ಚರ್ಚೆಯ ದಿಕ್ಕು ತಪ್ಪಿಸಬೇಡಿ' ಎಂದು ಗದರಿಸಿದರು. ಈ ಬೆಂಕಿಯಲ್ಲೇ ಎಲ್ಲೋ ಉತ್ತರವಿದ್ದೀತು ಎಂಬ ಆಸೆಯಿಂದ, ಬೆಳಿಗ್ಗೆ ಸಂಜೆ ಪ್ರತಿಯೊಂದು ಪತ್ರವನ್ನೂ ಇಳಿಸಿಕೊಂಡು, ಜತನದಿಂದ ಕಂಪ್ಯೂಟರಿನಲ್ಲಿ ಉಳಿಸಿಟ್ಟೆ. ಅವರು ಓದಿ ಎಂದ ಹಳೆಯ ಚರ್ಚೆಗಳನ್ನೂ ಬಿಡದೆ ಇಳಿಸಿಕೊಂಡೆ.

ಹನ್ನೊಂದನೇ ದಿನ, ಅಲ್ಲಿಯ ತನಕ ತುಟಿ ಬಿಚ್ಚದ ಒಬ್ಬಾತ ಮೂರು ಸಾಲು ಬರೆದ. 'ಮೊದಲು ಕಂಪ್ಯೂಟರ್ ಆರಿಸಿ. ಅಳಿಸಿದ್ದು, ಅದರ ಜಾಗದಲ್ಲಿ ಬೇರೆ ಏನಾದರೂ ಬಂದು ಕೂರುವ ತನಕ ಡಿಸ್ಕಿನಲ್ಲೇ ಇರುತ್ತದೆ. ಅದರ ಮೇಲೆ ಏನನ್ನೂ ಉಳಿಸಬೇಡಿ.'

ಶ್ರೀಪಾದ ಡಿಸ್ಕನ್ನು ಬಿಚ್ಚಿ ಒಯ್ದು, ಎರಡು ದಿನ ಒದ್ದಾಡಿ, ಸಿಕ್ಕಿದ್ದನ್ನು ಕಾಗದದ ಮೇಲೆ ಛಾಪಿಸಿ ತಂದ. ಹನ್ನೆರಡು ಹಾಡಿನ ತುಂಡುಗಳಿದ್ದವು. ಆರತಿ ಹಾಡು ಮೂರನೇ ನುಡಿಯ ಅರ್ಧಕ್ಕೆ ಬಂದು, ಅಲ್ಲಿಂದ 'ನಿಮ್ಮ ಅಜ್ಞಾನಕ್ಕೆ ನನ್ನ ಅನುಕಂಪವಿದೆ' ಎಂದು ಮುಂದುವರಿದಿತ್ತು. ಆಯಿಯ ಜಾಗದಲ್ಲಿ ಬಳಗ ಬಂದು ಕೂತಿತ್ತು, ಕರೆದು ಕೂರಿಸಿದವನು ನಾನು. ಶ್ರೀಪಾದ ತಲೆ ತಗ್ಗಿಸಿ, "ಪಾಠ ಕಲಿತ ಹಾಗಾಯ್ತು ಡಾಕ್ಟ್ರೇ" ಎಂದ. ಅವನ ಇನ್ನೊಂದು ದವಡೆಹಲ್ಲಿಗೂ ನನ್ನ ಕುರ್ಚಿಯೇ ಗತಿ ಎಂದು ನೆನೆದು ಕಾಗದ ಮಡಚಿಟ್ಟೆ.

ಕಾನಸೂರಿಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಇಷ್ಟು ದಿನ ಎಂತ ಮಾಡ್ತಾ ಇದ್ದೆ ತಮಾ?" ಎಂದಳು.

"ತಿಳಿದವರ ಹತ್ರ ಕೇಳ್ತಾ ಇದ್ದಿದ್ದೆ ಅಕ್ಕಾ."

"ಅವ್ರು ಎಂತ ಅಂದ್ರು?"

ಏನೆಂದು ಹೇಳಲಿ? ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಪಟ್ಟಿ ಹೊಳೆಗೆ ಬಿಟ್ಟಿದ್ದು ಆನೇ ಅಲ್ದ. ಯಂಗೇ ಬುದ್ಧಿ ಇಲ್ಲೆ" ಎಂದಳು. ತಪ್ಪನ್ನೂ ನನ್ನ ಪಾಲಿಗೆ ಬಿಡದೆ ತಾನೇ ಹೊತ್ತುಕೊಂಡಳು. ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿಗೆ ಹೆಂಗಸರು ನೆನಪಿದ್ದಷ್ಟು ಹಾಡಿದರು. ಎರಡು ನುಡಿಯಾದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕ್ಯಾಸೆಟ್ ಹಾಕಿದರು. ಅಕ್ಕ ಮಗಳ ಕೈ ಹಿಡಿದುಕೊಂಡು ಹಾಗೇ ನಿಂತಿದ್ದಳು. ನಾನು ಊಟಕ್ಕೆ ಕೂರದೆ ಬಸ್ಸು ಹತ್ತಿದೆ.

ಇಷ್ಟಾದರೂ ನಾನು ಬಳಗ ಬಿಡಲಿಲ್ಲ ಎಂದರೆ ನೀವು ನಗುತ್ತೀರಿ, ನಗಿ. ಜಗಳ ಓದುವ ಚಟ ಹತ್ತಿಹೋಗಿತ್ತು. ವರ್ಷ ಕಳೆದ ಮೇಲೆ ಹೊಸಬನೊಬ್ಬ ಬರೆದ: ತೀರಿಹೋದ ಅಪ್ಪನ ಪತ್ರಗಳೆಲ್ಲ ಡಿಸ್ಕಿನಿಂದ ಅಳಿಸಿಹೋಗಿವೆ, ಏನು ಮಾಡಲಿ, ಬೇಗ ಹೇಳಿ. ಬೇರೆಯವರು ಬಾಯಿ ಹಾಕುವ ಮೊದಲೇ ಕೂತು ನಾಲ್ಕು ಪುಟ ಬರೆದೆ. ಆಯಿಯ ಕಥೆ, ಅಕ್ಕನ ಕಣ್ಣೀರು, ಪ್ರತಿ ಇಟ್ಟುಕೊಳ್ಳದವರ ಬೇಜವಾಬ್ದಾರಿ, ಕಷ್ಟದಲ್ಲಿರುವವನೊಂದಿಗೆ ಬಳಗ ನಡೆದುಕೊಳ್ಳುವ ರೀತಿ, ಒಂದನ್ನೂ ಬಿಡಲಿಲ್ಲ. ಹದಿನೆಂಟು ಜನ ಮೆಚ್ಚಿ ಬರೆದರು, ಆರು ಜನ ಖಂಡಿಸಿದರು, ನಾನು ಆರೂ ಜನಕ್ಕೆ ಸರಿಯಾಗಿ ಉತ್ತರ ಕೊಟ್ಟೆ. ನಾಲ್ಕನೇ ದಿನ ಆ ಹೊಸಬ ಮತ್ತೆ ಬರೆದ.

'ಸರ್, ನಿಮ್ಮ ಪತ್ರ ಓದಿ ಅತ್ತುಬಿಟ್ಟೆ. ಬಳಗದ ಎಲ್ಲ ಪತ್ರಗಳನ್ನೂ ಅದೇ ಕಂಪ್ಯೂಟರಿನಲ್ಲಿ ಜೋಪಾನವಾಗಿ ಉಳಿಸಿಟ್ಟುಕೊಂಡಿದ್ದೇನೆ. ಆದರೆ ಈಗ ನಾನು ಏನು ಮಾಡಬೇಕು, ಅದನ್ನೊಂದು ಹೇಳುತ್ತೀರಾ?'

ನನ್ನ ನಾಲ್ಕು ಪುಟವನ್ನು ತೆಗೆದು ಮೊದಲಿನಿಂದ ಓದಿದೆ. ಕಂಪ್ಯೂಟರ್ ಆರಿಸಿ ಎಂಬ ಮಾತು ಎಲ್ಲೂ ಇರಲಿಲ್ಲ.